ಬೀದಿ ಗೋಡೆಗೆ ಎಲ್ಲರ ಕೈಯ ಬಣ್ಣ: ಬಡಾವಣೆಯ ಚಿತ್ರಹಬ್ಬ ನಡೆಸಲು ಸಮಗ್ರ ಮಾರ್ಗದರ್ಶಿ

ಕಾಂಪೌಂಡ್ ಗೋಡೆಗೆ ಎಲ್ಲರೂ ಸೇರಿ ಚಿತ್ರ ಬರೆಯೋಣ ಎಂದು ಹೊರಟ ಬಡಾವಣೆಗಳಲ್ಲಿ ಮೂರು ಬಗೆಯ ಸೋಲು ಮತ್ತೆ ಮತ್ತೆ ಕಾಣುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಹಪ್ಪಳದಂತೆ ಎದ್ದು ಉದುರುತ್ತದೆ. ಇಲ್ಲವೇ ಅರ್ಧ ಚಿತ್ರ ಆದಾಗ ಯಾರೋ ಬಂದು "ಯಾರನ್ನ ಕೇಳಿ ಬರೀತಿದ್ದೀರಿ?" ಎಂದು ಕೆಲಸ ನಿಲ್ಲಿಸುತ್ತಾರೆ. ಮೂರನೆಯದು ಇನ್ನೂ ಬೇಸರದ್ದು: "ಎಲ್ಲರಿಗೂ ಸ್ವಾಗತ" ಎಂದು ಬ್ಯಾನರ್ ಕಟ್ಟಿದ ಹಬ್ಬದಲ್ಲಿ ಚೆನ್ನಾಗಿ ಬರೆಯಬಲ್ಲ ನಾಲ್ಕೈದು ಜನ ಬರೆಯುತ್ತಾರೆ, ಉಳಿದವರು ಮೊಬೈಲ್ ಹಿಡಿದು ನೋಡುತ್ತ ನಿಲ್ಲುತ್ತಾರೆ.

ಮೂರಕ್ಕೂ ಕಾರಣ ಒಂದೇ. ಎಲ್ಲರೂ ಚಿತ್ರದಿಂದ ಶುರುಮಾಡುತ್ತಾರೆ. ಗೋಡೆ ಮೊದಲು, ಒಪ್ಪಿಗೆ ಎರಡನೆಯದು, ಬೀದಿಯ ಜನ ಮೂರನೆಯವರು. ಚಿತ್ರದ ಸರದಿ ನಾಲ್ಕನೆಯದು. ಈ ಕ್ರಮ ಬಿಡದಿದ್ದರೆ ಉಳಿದ ತಪ್ಪುಗಳನ್ನು ದಾರಿಯಲ್ಲೇ ಸರಿಪಡಿಸಿಕೊಳ್ಳಬಹುದು.

ಇಲ್ಲಿ ಹೇಳುತ್ತಿರುವುದು ಒಂದು ಅಡ್ಡರಸ್ತೆಯಲ್ಲಿ ಸುಮಾರು 100 ಅಡಿ ಉದ್ದ, 6 ಅಡಿ ಎತ್ತರದ ಗೋಡೆಗೆ ಒಂದು ದಿನದಲ್ಲಿ ನೂರೈವತ್ತರಷ್ಟು ಜನ ಬಣ್ಣ ಹಚ್ಚುವ ಹಬ್ಬದ ಬಗ್ಗೆ. ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯ ಬಗೆಯೇ ಬೇರೆ. ಅಲ್ಲಿ ಕಲಾವಿದರು ಬರೆದು ತಂದದ್ದನ್ನು ಜನ ನೋಡುತ್ತಾರೆ, ಕೊಳ್ಳುತ್ತಾರೆ. ಇಲ್ಲಿ ಬ್ರಶ್ ಹಿಡಿಯುವವರು ಬೀದಿಯವರೇ.

ದಿನ ಗೊತ್ತುಮಾಡುವ ಮುನ್ನ

ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಅವಧಿ ಇದಕ್ಕೆ ಹೇಳಿ ಮಾಡಿಸಿದ್ದು. ಗೋಡೆ ಒಣಗಿರುತ್ತದೆ, ಬಿಸಿಲು ಸುಡುವುದಿಲ್ಲ, ಮಕ್ಕಳ ವಾರ್ಷಿಕ ಪರೀಕ್ಷೆ ಇನ್ನೂ ದೂರ.

ಬಹಳ ಜನ ನವೆಂಬರ್ 1 ಎಂದು ನಿಶ್ಚಯಿಸುತ್ತಾರೆ. ರಾಜ್ಯೋತ್ಸವದ ಉತ್ಸಾಹ ಅರ್ಥವಾಗುತ್ತದೆ. ಆದರೆ ಬೆಂಗಳೂರು, ಮೈಸೂರು ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಜೋರು ಮಳೆ. ಹೊರಗೆ ಒಣಗಿದಂತೆ ಕಂಡ ಗೋಡೆ ಆಗ ಒಳಗೆ ನೀರು ಹಿಡಿದಿರುತ್ತದೆ. ಏಪ್ರಿಲ್, ಮೇ ಕೂಡ ಬೇಡ. ಕಾದ ಗೋಡೆಯ ಮೇಲೆ ಬಣ್ಣ ಬ್ರಶ್ ಎಳೆಯುವ ಮುಂಚೆಯೇ ಒಣಗುತ್ತದೆ, ಅಂಟುವುದಿಲ್ಲ.

ಚುನಾವಣೆ ಹತ್ತಿರವಿದೆಯೇ ಎಂದೂ ನೋಡಿಕೊಳ್ಳಿ. ನೀತಿ ಸಂಹಿತೆ ಜಾರಿಯಾದ ಮೇಲೆ ಗುಂಪು ಸೇರುವುದಕ್ಕೂ ಗೋಡೆ ಬರಹಕ್ಕೂ ಅಧಿಕಾರಿಗಳು ಅನುಮತಿ ಕೊಡಲು ಹಿಂಜರಿಯುತ್ತಾರೆ.

1. ಗೋಡೆ ಆರಿಸುವುದು (ಎಂಟು ವಾರ ಮುಂಚೆ)

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಎರಡು ಮೂರು ಗೋಡೆ ಗುರುತಿಸಿಕೊಂಡು ಒಂದೊಂದಕ್ಕೂ ಈ ಪರೀಕ್ಷೆ ಮಾಡಿ.

ತೇವದ ಪರೀಕ್ಷೆ: ಒಂದೂವರೆ ಅಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಚ್ಚಿ ಒಂದು ಇಡೀ ಹಗಲು ರಾತ್ರಿ ಬಿಡಿ. ಬಿಚ್ಚಿದಾಗ ಹಾಳೆಯ ಒಳಮೈಗೆ ನೀರಿನ ಹನಿ ಕೂತಿದ್ದರೆ, ಅಥವಾ ಆ ಜಾಗ ಸುತ್ತಲಿಗಿಂತ ಕಪ್ಪಾಗಿದ್ದರೆ, ಗೋಡೆಯಲ್ಲಿ ನೀರಿದೆ. ನೆಲದಿಂದ ಒಂದು ಅಡಿ ಎತ್ತರದಲ್ಲಿ ಒಮ್ಮೆ, ನಾಲ್ಕು ಅಡಿ ಎತ್ತರದಲ್ಲಿ ಒಮ್ಮೆ ಮಾಡಿ. ಕೆಳಗೆ ಮಾತ್ರ ತೇವವಿದ್ದರೆ ಚಿತ್ರವನ್ನು ಮೇಲಕ್ಕೆ ಎತ್ತಿಕೊಳ್ಳಬಹುದು. ಎರಡೂ ಕಡೆ ತೇವವಿದ್ದರೆ ಆ ಗೋಡೆ ಬಿಟ್ಟುಬಿಡಿ.

ಅಂಗೈ ಪರೀಕ್ಷೆ: ಗೋಡೆಗೆ ಅಂಗೈ ಉಜ್ಜಿ. ಬಿಳಿ ಪುಡಿ ಅಂಟಿದರೆ ಅದು ಸುಣ್ಣ ಅಥವಾ ಹಳೆಯ ಡಿಸ್ಟೆಂಪರ್, ಅಂದರೆ ಅಗ್ಗದ ಗೋಡೆ ಬಣ್ಣ. ಅದರ ಮೇಲೆ ಎಷ್ಟು ಬೆಲೆಯ ಬಣ್ಣ ಹಚ್ಚಿದರೂ ಬಣ್ಣ ಹಿಡಿದುಕೊಳ್ಳುವುದು ಆ ಪುಡಿಯನ್ನೇ ಹೊರತು ಗೋಡೆಯನ್ನಲ್ಲ. ಪೂರ್ತಿ ಕೆರೆದು ತೆಗೆಯಲು ಸಾಧ್ಯವಿದ್ದರೆ ಮಾತ್ರ ಮುಂದುವರಿಯಿರಿ.

ನಾಣ್ಯದ ಪರೀಕ್ಷೆ: ಹತ್ತು ರೂಪಾಯಿ ನಾಣ್ಯದಿಂದ ಗೋಡೆ ತಟ್ಟುತ್ತ ಹೋಗಿ. ಡಬ್ ಡಬ್ ಎಂದು ಟೊಳ್ಳು ಸದ್ದು ಬಂದ ಕಡೆ ಗಾರೆ ಇಟ್ಟಿಗೆಯಿಂದ ಬಿಟ್ಟುಕೊಂಡಿದೆ. ಸೀಮೆಸುಣ್ಣದಿಂದ ಗುರುತು ಹಾಕಿ, ಗಾರೆ ಮೇಸ್ತ್ರಿಗೆ ತೋರಿಸಿ.

ಟೇಪಿನ ಪರೀಕ್ಷೆ: ಹಳೆಯ ಬಣ್ಣವಿದ್ದರೆ ಬ್ಲೇಡಿನಿಂದ ಅದರ ಮೇಲೆ ಚೌಕುಳಿ ಗೀರು ಹಾಕಿ, ಟೇಪ್ ಗಟ್ಟಿಯಾಗಿ ಒತ್ತಿ, ಸರ್ರನೆ ಎಳೆಯಿರಿ. ಟೇಪಿನ ಜೊತೆ ಬಣ್ಣದ ಚೂರು ಬಂದರೆ ಹಳೆಯದನ್ನು ಉಳಿಸಿಕೊಳ್ಳುವಂತಿಲ್ಲ.

ಪರೀಕ್ಷೆಗೆ ಮುಂಚೆಯೇ ಬಿಟ್ಟುಬಿಡಬೇಕಾದ ಗೋಡೆಗಳೂ ಇವೆ. ಹಿಂಬದಿಗೆ ಮಣ್ಣು ತುಂಬಿದ ತಡೆಗೋಡೆ ಎಂದೂ ಪೂರ್ತಿ ಒಣಗುವುದಿಲ್ಲ. ಅದರಲ್ಲಿ ನೀರು ಹೋಗಲು ಬಿಟ್ಟ ತೂತುಗಳನ್ನು ಚಿತ್ರಕ್ಕಾಗಿ ಮುಚ್ಚಿದರೆ ಗೋಡೆಗೇ ಅಪಾಯ. ಹೊಸದಾಗಿ ಗಾರೆ ಮಾಡಿದ ಗೋಡೆಗೆ ಕನಿಷ್ಠ 28 ದಿನ ಕಳೆದಿರಬೇಕು. ಮೇಲೆ ಬಿಳಿ ಉಪ್ಪು ಹೂವಿನಂತೆ ಬಿಟ್ಟಿದ್ದರೆ ಒಳಗಿಂದ ನೀರು ಹೊರಬರುತ್ತಿದೆ ಎಂದರ್ಥ. ಆ ನೀರಿನ ಮೂಲ ಸಿಗುವವರೆಗೆ ಬಣ್ಣದ ಮಾತೇ ಬೇಡ. ಅದು ಸೋರುವ ಪೈಪೋ, ಗೋಡೆ ಪಕ್ಕದ ಪಾತಿಯೋ, ಗೋಡೆಯ ತಲೆಯ ಮೇಲೆ ಇಳಿಜಾರಿಲ್ಲದೆ ನೀರು ನಿಲ್ಲುವುದೋ ಇರಬಹುದು. ಟ್ರಾನ್ಸ್‌ಫಾರ್ಮರ್ ಇರುವ ಗೋಡೆ, ವಿದ್ಯುತ್ ಪೆಟ್ಟಿಗೆಯ ಅಕ್ಕಪಕ್ಕ ಜನ ಗುಂಪಾಗುವ ಜಾಗ ಖಂಡಿತ ಬೇಡ.

ಗೋಡೆ ಯಾವ ದಿಕ್ಕಿಗಿದೆ ಎಂದು ಬರೆದಿಟ್ಟುಕೊಳ್ಳಿ. ಪೂರ್ವಕ್ಕೆ ಮುಖ ಮಾಡಿದ ಗೋಡೆಗೆ ಮಧ್ಯಾಹ್ನದ ಮೇಲೆ ನೆರಳು, ಪಶ್ಚಿಮಕ್ಕಿದ್ದರೆ ಬೆಳಗ್ಗೆ ನೆರಳು. ಹಬ್ಬದ ವೇಳಾಪಟ್ಟಿ ಇದರ ಮೇಲೆ ನಿಲ್ಲುತ್ತದೆ.

2. ಒಪ್ಪಿಗೆ, ಬರಹದಲ್ಲಿ (ಏಳು ವಾರ ಮುಂಚೆ)

"ಓನರ್ ಹೂಂ ಅಂದಿದ್ದಾರೆ" ಎಂಬುದು ಒಪ್ಪಿಗೆಯಲ್ಲ. ಅವರ ಅಣ್ಣನೋ ಬಾಡಿಗೆದಾರನೋ ಬಂದು ಪ್ರಶ್ನಿಸಿದಾಗ ಕೈಯಲ್ಲಿ ಕಾಗದ ಬೇಕು. ಒಂದು ಪುಟದ ಪತ್ರ ಸಾಕು: ಗೋಡೆ ಎಲ್ಲಿದೆ, ಎಷ್ಟು ಉದ್ದ, ಯಾವ ದಿನ, ಖರ್ಚು ಯಾರದು, ಚಿತ್ರದ ಕರಡು ತೋರಿಸಿದ್ದೇವೆ, ಎಷ್ಟು ವರ್ಷ ಚಿತ್ರ ಇರುತ್ತದೆ, ಗೋಡೆ ದುರಸ್ತಿ ಬಂದರೆ ಅಳಿಸಲು ಅವರಿಗೆ ಹಕ್ಕಿದೆ. ಈ ಕೊನೆಯ ಸಾಲು ಬರೆದರೆ ಹಿಂಜರಿಯುತ್ತಿದ್ದ ಮಾಲೀಕರೂ ಸಾಮಾನ್ಯವಾಗಿ ಸಹಿ ಹಾಕುತ್ತಾರೆ.

ಸರ್ಕಾರಿ ಶಾಲೆಯ ಗೋಡೆಯಾದರೆ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇಬ್ಬರ ಒಪ್ಪಿಗೆ ಪಡೆದು, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಡಿ. ಉದ್ಯಾನ, ಆಟದ ಮೈದಾನದ ಗೋಡೆಗೆ ಪಾಲಿಕೆ ಅಥವಾ ಪುರಸಭೆ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿ. ರೈಲ್ವೆ, ರಕ್ಷಣಾ ಇಲಾಖೆಯ ಗೋಡೆಗಳ ಒಪ್ಪಿಗೆ ತಿಂಗಳುಗಟ್ಟಲೆ ತಗಲುತ್ತದೆ. ಮೊದಲ ಹಬ್ಬಕ್ಕೆ ಅವುಗಳ ಆಸೆ ಬಿಡಿ.

ಖಾಸಗಿ ಗೋಡೆಯೇ ಆದರೂ ರಸ್ತೆಗೆ ಕಾಣುವಂಥದ್ದಾದರೆ ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ಅನುಮತಿ ಪತ್ರ ಪಡೆಯಿರಿ. ತೆರೆದ ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರ ಕಾಯ್ದೆಯೇ ಇದೆ. ಪೋಸ್ಟರ್, ಜಾಹೀರಾತು, ಗೋಡೆ ಬರಹಗಳ ಮೇಲಿನ ಪ್ರಕರಣಗಳು ಅದರಡಿಯಲ್ಲೇ ದಾಖಲಾಗುತ್ತವೆ. ಬಣ್ಣ ಕೊಡಿಸಿದ ಅಂಗಡಿಯ ಹೆಸರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದರೆ ನಿಮ್ಮ ಚಿತ್ರ ಜಾಹೀರಾತಾಗಿಬಿಡುತ್ತದೆ. ಬರೆಯಬೇಡಿ.

ಪೊಲೀಸ್ ಠಾಣೆಗೂ ಒಂದು ಪತ್ರ ಕೊಡಿ. ರಸ್ತೆಯ ಒಂದು ಬದಿ ಮುಚ್ಚುವುದಿದ್ದರೆ ಸಂಚಾರ ಪೊಲೀಸರಿಗೆ ಬೇರೆ ಪತ್ರ. ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹಾಕುವಂತೆಯೇ ಇಲ್ಲ. ಎಲ್ಲ ಪತ್ರಗಳಿಗೂ ಸ್ವೀಕೃತಿ ಮುದ್ರೆ ಹಾಕಿಸಿ, ಒಂದು ಫೈಲಿನಲ್ಲಿಟ್ಟು, ಹಬ್ಬದ ದಿನ ಗೋಡೆಯ ಬಳಿಯೇ ಇಟ್ಟುಕೊಳ್ಳಿ.

3. ಬೀದಿಯವರನ್ನು ಕೇಳುವುದು (ಆರು ವಾರ ಮುಂಚೆ)

ಗೋಡೆಯ ಮಾಲೀಕರಿಗಿಂತ ಹೆಚ್ಚು ಹೊತ್ತು ಗೋಡೆಯ ಜೊತೆ ಇರುವವರು ಬೇರೆಯವರು. ಗೋಡೆಗೆ ಬೆನ್ನು ಕೊಟ್ಟು ಹೂ ಕಟ್ಟುವ ಅಜ್ಜಿ, ಚಪ್ಪಲಿ ಹೊಲಿಯುವವರು, ತರಕಾರಿ ಗಾಡಿ, ಆಟೊ ನಿಲ್ದಾಣ, ಬೆಳಗಿನ ಜಾವ ಗುಡಿಸುವ ಪೌರಕಾರ್ಮಿಕರು. ಮೊದಲು ಅವರನ್ನು ಕೇಳಿ. "ಅಮ್ಮಾ, ಈ ಗೋಡೆಗೆ ಎಲ್ಲರೂ ಸೇರಿ ಚಿತ್ರ ಬರಿಯೋಣ ಅಂತಿದ್ದೀವಿ. ಆ ಎರಡು ದಿನ ನಿಮ್ಮ ಬುಟ್ಟಿ ಎಲ್ಲಿಟ್ಟರೆ ವ್ಯಾಪಾರಕ್ಕೆ ತೊಂದರೆ ಆಗಲ್ಲ?" ಇಷ್ಟು ಸಾಕು. ಗೋಡೆ ಚೆಂದವಾಯಿತೆಂದು ಅವರನ್ನು ಅಲ್ಲಿಂದ ಎಬ್ಬಿಸುವ ಹಬ್ಬ ನನ್ನ ಮಟ್ಟಿಗೆ ಹಬ್ಬವೇ ಅಲ್ಲ. ಚಿತ್ರದಲ್ಲಿ ಅವರ ಜಾಗವನ್ನು ಬಿಟ್ಟು ಯೋಜಿಸಿ. ಬೆನ್ನು ತಾಗುವಲ್ಲಿ ಗಾಢ ಬಣ್ಣ ಬಳಿದರೆ ಕೊಳೆ ಕಾಣುವುದಿಲ್ಲ.

ಮನೆ ಮನೆಗೆ ಹೋಗುವಾಗ "ಚಿತ್ರ ಬರೆಯಲು ಬರುತ್ತೀರಾ" ಎಂದು ಕೇಳಬೇಡಿ. "ನಂಗೆ ಚಿತ್ರ ಬರಲ್ಲಪ್ಪ" ಎಂಬ ಉತ್ತರ ಸಿದ್ಧವಾಗಿರುತ್ತದೆ. "ಬಣ್ಣ ತುಂಬಲು ಒಂದು ಗಂಟೆ ಬನ್ನಿ" ಎಂದು ಕರೆಯಿರಿ. ಯಾವ ಹೊತ್ತು ಬಿಡುವು ಎಂದೂ ಕೇಳಿ. ಮನೆಗೆಲಸಕ್ಕೆ ಹೋಗುವವರಿಗೆ ಮಧ್ಯಾಹ್ನ ಎರಡರ ಮೇಲೆ, ಅಂಗಡಿ ಹುಡುಗರಿಗೆ ಬೆಳಗ್ಗೆ ಒಂಬತ್ತರೊಳಗೆ ಮಾತ್ರ ಸಮಯ ಸಿಗಬಹುದು. "ಬೆಳಗ್ಗೆ 10ರಿಂದ 1" ಎಂದು ಒಂದೇ ಅವಧಿ ಇಟ್ಟರೆ ಇವರೆಲ್ಲ ಹೊರಗುಳಿಯುತ್ತಾರೆ.

ಶುಲ್ಕ ಬೇಡ, ಆನ್‌ಲೈನ್ ಅರ್ಜಿ ಕಡ್ಡಾಯ ಮಾಡುವುದು ಬೇಡ. ಒಟ್ಟು ಜಾಗದಲ್ಲಿ ಮೂರನೇ ಒಂದು ಭಾಗವನ್ನು ಹೆಸರು ಕೊಡದೆ ಸುಮ್ಮನೆ ಬಂದವರಿಗೆ ಕಾದಿರಿಸಿ. ಎಚ್ಚರಿಕೆಯ ಗುರುತು ಏನೆಂದರೆ, ಹಬ್ಬಕ್ಕೆ ಎರಡು ವಾರ ಇರುವಾಗ ನಿಮ್ಮ ಪಟ್ಟಿಯಲ್ಲಿ ಒಂದೇ ಅಪಾರ್ಟ್‌ಮೆಂಟಿನ, ಒಂದೇ ಶಾಲೆಯ ಹೆಸರುಗಳೇ ತುಂಬಿವೆ. ಹಾಗಾದರೆ ಮತ್ತೆ ಬೀದಿಗಿಳಿಯಿರಿ.

4. ಚಿತ್ರ: ರಂಗೋಲಿಯ ಚುಕ್ಕಿ ಲೆಕ್ಕ (ಐದು ವಾರ ಮುಂಚೆ)

ಎಲ್ಲರೂ ಸೇರಿ ಬರೆಯಬಹುದಾದ ಚಿತ್ರ ಬೇಕೆಂದರೆ ಅದರ ಉಪಾಯ ನಮ್ಮ ಅಂಗಳದಲ್ಲೇ ಇದೆ. ಚುಕ್ಕಿ ರಂಗೋಲಿ ಬಿಡುವವರು "15 ಚುಕ್ಕಿ, 8ರವರೆಗೆ ಸಂದು ಚುಕ್ಕಿ" ಎಂದಷ್ಟೇ ಹೇಳಿ ಇಡೀ ವಿನ್ಯಾಸವನ್ನು ಇನ್ನೊಬ್ಬರಿಗೆ ದಾಟಿಸಿಬಿಡುತ್ತಾರೆ. ಗೋಡೆಗೂ ಅದನ್ನೇ ಮಾಡಿ. ಕಾಗದದ ಮೇಲೆ ಅರ್ಧ ಇಂಚಿಗೊಂದು ಚುಕ್ಕಿ, ಗೋಡೆಯ ಮೇಲೆ ಒಂದು ಅಡಿಗೊಂದು ಚುಕ್ಕಿ. ಕಾಗದದಲ್ಲಿ ಗೆರೆ ಯಾವ ಚುಕ್ಕಿಗಳ ನಡುವೆ ಹಾಯುತ್ತದೋ ಗೋಡೆಯಲ್ಲೂ ಅಲ್ಲೇ ಹಾಯುತ್ತದೆ. ಪ್ರೊಜೆಕ್ಟರ್ ಬೇಡ, ರಾತ್ರಿ ಕಾಯುವುದೂ ಬೇಡ. ಗೆರೆ ಹಾಕಲು ನಿಮ್ಮ ಬೀದಿಯಲ್ಲಿ ದಿನಾ ಬೆಳಗ್ಗೆ ಬಾಗಿಲ ಮುಂದೆ ಕೈ ತಿರುಗಿಸುವ ಹೆಂಗಸರಿಗಿಂತ ಪಳಗಿದ ಕೈ ಸಿಗುವುದಿಲ್ಲ.

ವಿಷಯ ಆರಿಸಲು ಬೀದಿಯ ಸಭೆಯಲ್ಲಿ ಒಂದೇ ಪ್ರಶ್ನೆ ಇಡಿ: ಈ ಬೀದಿಯಲ್ಲಿ ಏನೇನಿದೆ, ಏನೇನಿತ್ತು? ಹಳೆಯ ಬಾವಿ, ಹೊಂಗೆ ಮರ, ಮುಚ್ಚಿಹೋದ ಕೆರೆಯ ಕೋಡಿ, ಇಡ್ಲಿ ಗಾಡಿ. ಮಲೆನಾಡಿನವರಾದರೆ ಹಸೆ ಚಿತ್ತಾರದ ಗೆರೆಗಳು, ಕರಾವಳಿಯವರಾದರೆ ಕಾವಿ ಕಲೆಯ ಕೆಂಪು ಬಿಳುಪು ವಿನ್ಯಾಸ ತಾನಾಗಿಯೇ ಮಾತಿಗೆ ಬರುತ್ತದೆ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಚಿತ್ತಾರವನ್ನು ಬಳಸುವುದಾದರೆ ಆ ಕಲೆ ಬಲ್ಲವರನ್ನು ಕರೆಸಿ, ಗೌರವಧನ ಕೊಟ್ಟು, ಅವರಿಂದಲೇ ಗೆರೆ ಹಾಕಿಸಿ. ಮೊಬೈಲಿನಿಂದ ನಕಲು ಮಾಡುವುದು ಬೇಡ.

ಮೂರು ವಿಷಯಕ್ಕೆ ಬೇಡ ಎನ್ನುತ್ತೇನೆ. ಪಕ್ಷದ ಚಿಹ್ನೆ, ನಾಯಕರ ಮುಖ ಬೇಡ. ಒಬ್ಬರದು ಬಂದರೆ ಇನ್ನೊಬ್ಬರದು ಯಾಕಿಲ್ಲ ಎಂಬ ಜಗಳಕ್ಕೆ ಕೊನೆಯಿಲ್ಲ. ಮೂತ್ರ ಮಾಡುವುದನ್ನು ತಡೆಯಲು ದೇವರ ಚಿತ್ರ ಬೇಡ. ಜನ ಅಲ್ಲಿ ನಿಲ್ಲುವುದು ಹತ್ತಿರದಲ್ಲಿ ಶೌಚಾಲಯವಿಲ್ಲದ್ದಕ್ಕೆ, ದೀಪವಿಲ್ಲದ್ದಕ್ಕೆ. ಪಾಲಿಕೆಗೆ ಆ ಅರ್ಜಿ ಕೊಡಿ. ಉಪದೇಶದ ವಾಕ್ಯಗಳೂ ಬೇಡ, ಅವುಗಳನ್ನು ಎರಡನೇ ದಿನ ಯಾರೂ ಓದುವುದಿಲ್ಲ.

ಕರಡಿನಲ್ಲಿ ಎತ್ತರವನ್ನು ಹೀಗೆ ಹಂಚಿ. ನೆಲದಿಂದ ಒಂದೂವರೆ ಅಡಿಯವರೆಗೆ ಚಿತ್ರವೇ ಇಲ್ಲ, ಒಂದೇ ಮಂಕು ಕೆಂಪು ಪಟ್ಟಿ. ಮಳೆಹನಿ ನೆಲಕ್ಕೆ ಬಡಿದು ಮಣ್ಣು ಸಿಡಿಯುವುದು ಅಲ್ಲಿಗೇ, ಎಲೆ ಅಡಿಕೆ ಉಗುಳುವುದೂ ಅಲ್ಲಿಗೇ. ಬೆಂಗಳೂರಿನಲ್ಲಿ ದಿ ಅಗ್ಲಿ ಇಂಡಿಯನ್ ಗುಂಪಿನವರು ಸ್ವಚ್ಛ ಮಾಡಿದ ಫುಟ್‌ಪಾತುಗಳ ಗೋಡೆಯಲ್ಲಿ ಈ ಕೆಂಪು ಪಟ್ಟಿ ನೋಡಿರುತ್ತೀರಿ. ಒಂದೂವರೆ ಅಡಿಯಿಂದ ನಾಲ್ಕು ಅಡಿಯವರೆಗೆ ಮಕ್ಕಳು, ಗಾಲಿಕುರ್ಚಿಯಲ್ಲಿ ಕುಳಿತವರು, ಸ್ಟೂಲ್ ಮೇಲೆ ಕೂತು ಬರೆಯುವ ಹಿರಿಯರು. ಅದರ ಮೇಲೆ ನಿಂತು ಬರೆಯುವವರು. ಕಷ್ಟದ, ನಯವಾದ ಕೆಲಸವನ್ನೆಲ್ಲ ಮೇಲ್ಭಾಗಕ್ಕೆ ತಳ್ಳಿ. ಕೆಳಗಿನ ಆಕಾರಗಳು ಒಂದೊಂದೂ ಅಂಗೈಗಿಂತ ದೊಡ್ಡದಿರಲಿ.

5. ಬಣ್ಣ ಮತ್ತು ಸಾಮಾನು (ಮೂರು ವಾರ ಮುಂಚೆ)

ಹೊರಗೋಡೆಯ ಅಕ್ರಿಲಿಕ್ ಎಮಲ್ಷನ್ (ನೀರಿನಲ್ಲಿ ಕಲೆಸುವ ಬಣ್ಣ) ಮಾತ್ರ ತನ್ನಿ. ಡಿಸ್ಟೆಂಪರ್ ಮಳೆಗೆ ತೊಳೆದುಹೋಗುತ್ತದೆ. ಎಣ್ಣೆ ಬಣ್ಣ, ಅಂದರೆ ಎನಾಮಲ್, ಗೇಟಿಗೆ ಸರಿ. ಗೋಡೆಯ ತೇವವನ್ನು ಅದು ಹೊರಬಿಡುವುದಿಲ್ಲವಾದ್ದರಿಂದ ಬೊಬ್ಬೆ ಎದ್ದು ಕಳಚುತ್ತದೆ. ಒಳಗೋಡೆಯ ಎಮಲ್ಷನ್ ಅಗ್ಗವೆಂದು ಅಂಗಡಿಯವರು ಹೇಳಿದರೂ ಬೇಡ.

600 ಚದರ ಅಡಿಯ ಲೆಕ್ಕ ಇದು. ಬಣ್ಣಕ್ಕೆ ಮುನ್ನ ಬಳಿಯುವ ಹೊರಗೋಡೆಯ ಪ್ರೈಮರ್ ಒಂದು ಕೋಟ್‌ಗೆ, ಅಂದರೆ ಒಂದು ಸಲ ಬಳಿಯಲು, ಲೀಟರಿಗೆ ಸುಮಾರು 100 ಚದರ ಅಡಿ ಬರುತ್ತದೆ. ಒರಟು ಗೋಡೆ ಹೆಚ್ಚು ಕುಡಿಯುತ್ತದೆ, ಹಾಗಾಗಿ 10 ಲೀಟರ್ ಡಬ್ಬ. ಎಮಲ್ಷನ್ ಎರಡು ಕೋಟ್‌ಗೆ ಲೀಟರಿಗೆ 50ರಿಂದ 60 ಚದರ ಅಡಿ. ಬಿಳಿ 20 ಲೀಟರ್ ತಂದರೆ ಹಿನ್ನೆಲೆಗೆ 12 ಲೀಟರ್ ಹೋಗಿ, ತಿಳಿ ಬಣ್ಣ ಬೆರೆಸಲು ಉಳಿದದ್ದು ಸಾಕು. ಚಿತ್ರದ ಗಾಢ ಬಣ್ಣಗಳು ಎಲ್ಲ ಸೇರಿ 8ರಿಂದ 9 ಲೀಟರ್: ಏಳು ಬಣ್ಣ, ಒಂದೊಂದು ಲೀಟರ್, ಹೆಚ್ಚು ಬೇಕಾದ ಒಂದೆರಡು ಬಣ್ಣ ಎರಡು ಲೀಟರ್.

ಇಲ್ಲಿ ಬಹಳ ಜನ ಎಡವುತ್ತಾರೆ. ಬಿಳಿ ಬಣ್ಣಕ್ಕೆ ಸ್ಟೈನರ್ (ಬೆರೆಸುವ ಗಾಢ ಬಣ್ಣದ ದ್ರವ) ಸುರಿದು ಸುರಿದು ಕಡುಗೆಂಪು, ಕಡುನೀಲಿ ಮಾಡಲು ಹೋಗುತ್ತಾರೆ. ಸ್ಟೈನರ್ ಪ್ರಮಾಣ ಲೀಟರಿಗೆ 30ರಿಂದ 50 ಮಿಲಿ ದಾಟಿದರೆ ಬಣ್ಣ ಸರಿಯಾಗಿ ಒಣಗದೆ ಕೈಗೆ ಅಂಟುತ್ತದೆ, ಮಳೆಗೆ ಇಳಿಯುತ್ತದೆ. ಗಾಢ ಬಣ್ಣಗಳನ್ನು ಅಂಗಡಿಯ ಯಂತ್ರದಲ್ಲೇ ಬೆರೆಸಿ ತನ್ನಿ, ಡಬ್ಬದ ಮೇಲಿನ ಶೇಡ್ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಳ್ಳಿ. ಬಿಸಿಲಿಗೆ ಮೊದಲು ಮಾಸುವುದು ಹೊಳಪಿನ ಕೆಂಪು, ಗುಲಾಬಿ, ನಿಂಬೆ ಹಳದಿ. ಕಾವಿ ಕೆಂಪು, ಕೆಮ್ಮಣ್ಣು, ಮಣ್ಣಿನ ಹಳದಿಗಳು ವರ್ಷಗಟ್ಟಲೆ ನಿಲ್ಲುತ್ತವೆ. ದೊಡ್ಡ ಜಾಗಕ್ಕೆ ಇವು, ಚಿಕ್ಕ ಚುಕ್ಕೆಗಳಿಗೆ ಅವು.

ಉಳಿದ ಸಾಮಾನು: ಕೆರೆಯುವ ಬ್ಲೇಡ್, ತಂತಿ ಬ್ರಶ್, ಉಪ್ಪುಕಾಗದ, ನಾಲ್ಕಿಂಚಿನ ಎರಡು ಬ್ರಶ್ ಮತ್ತು ಎರಡು ರೋಲರ್, ಎರಡಿಂಚಿನ 15, ಒಂದಿಂಚಿನ 15, ಗೆರೆಗೆ ದುಂಡು ಬ್ರಶ್ 6. ಮೊಸರಿನ ಖಾಲಿ ಡಬ್ಬ ಮುಚ್ಚಳ ಸಮೇತ 60, ಇದನ್ನು ಮನೆ ಮನೆಯಿಂದ ಸಂಗ್ರಹಿಸಿ. ಹಳೆಯ ಸೀರೆ, ಪಂಚೆ ನೆಲಕ್ಕೆ ಹಾಸಲು. ಬಿದಿರಿನ ಏಣಿ. ತೂಕದ ಗುಂಡು, ದಾರ, ಸೀಮೆಸುಣ್ಣ. ಬ್ರಶ್ ಹಿಡಿಯಲು ಬೆರಳು ಗಟ್ಟಿಯಾಗಿ ಮಡಚದವರಿಗಾಗಿ ನಾಲ್ಕೈದು ಬ್ರಶ್ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಡಿ.

ಬ್ಯಾನರ್ ಬಟ್ಟೆಯದೇ ಇರಲಿ. ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಿಂದ ನಿಷೇಧವಿದೆ. ಹಣ ಸಾಲದೆ ಏನನ್ನಾದರೂ ಬಿಡಲೇಬೇಕಾದರೆ ಟೀ ಶರ್ಟ್, ವೇದಿಕೆ, ಸ್ಮರಣಿಕೆ ಬಿಡಿ. ಪ್ರೈಮರ್ ಬಿಡಬೇಡಿ.

6. ಗೋಡೆ ತಯಾರಿ (ಎರಡು ವಾರ ಮುಂಚೆ)

ಹಬ್ಬದ ಹಿಂದಿನ ಸಂಜೆ ಮಾಡಿ ಮುಗಿಸುವ ಕೆಲಸ ಇದಲ್ಲ. ಒಬ್ಬ ಅನುಭವಿ ಪೇಂಟರ್‌ಗೆ ದಿನಗೂಲಿ ಕೊಟ್ಟು ಜೊತೆಗೆ ನಾಲ್ಕು ಜನ ನಿಂತರೆ, ಒಣಗಲು ಬಿಡುವ ದಿನಗಳನ್ನು ಬಿಟ್ಟು, ಮೂರು ನಾಲ್ಕು ದಿನದಲ್ಲಿ ಆಗುತ್ತದೆ.

ಮೊದಲು ಪೋಸ್ಟರ್ ಕಿತ್ತು, ಮೊಳೆ ತೆಗೆದು, ಬಿಟ್ಟುಕೊಂಡ ಬಣ್ಣ, ಸುಣ್ಣ ಎಲ್ಲ ಕೆರೆಯಿರಿ. ಪಾಚಿ ಕಟ್ಟಿದ್ದರೆ ಬ್ಲೀಚಿಂಗ್ ಪುಡಿ ಕದಡಿದ ನೀರು ಹಚ್ಚಿ ಅರ್ಧ ಗಂಟೆ ಬಿಟ್ಟು ತೆಂಗಿನ ನಾರಿನ ಬ್ರಶ್‌ನಲ್ಲಿ ಉಜ್ಜಿ ತೊಳೆಯಿರಿ. ಕೈಗೆ ಗವಸು, ಮೂಗಿಗೆ ಬಟ್ಟೆ ಇರಲಿ. ಬ್ಲೀಚಿಂಗ್ ಪುಡಿಗೆ ಆಸಿಡ್, ಶೌಚಾಲಯ ತೊಳೆಯುವ ದ್ರವ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಉಪ್ಪು ಬಿಟ್ಟ ಕಡೆ ನೀರು ಹಾಕದೆ ಒಣ ಬ್ರಶ್‌ನಿಂದಲೇ ಉಜ್ಜಿ ತೆಗೆಯಿರಿ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ.

ಹಳೆಯ ಗೇಟು, ಕಂಬಿಯ ಎಣ್ಣೆ ಬಣ್ಣವನ್ನು ಒಣ ಉಪ್ಪುಕಾಗದದಿಂದ ಉಜ್ಜಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸದ ಮಿತಿ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಎಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಹಿಂದಿನ ಬಣ್ಣದ ಪುಡಿಯಲ್ಲಿ ಸೀಸ ಇರಬಹುದು, ಮಕ್ಕಳಿಗೆ ಅದು ಬಹಳ ಕೆಟ್ಟದ್ದು. ಒದ್ದೆ ಮಾಡಿ ಉಜ್ಜಿ, ಆ ಹೊತ್ತಿನಲ್ಲಿ ಮಕ್ಕಳನ್ನು ಹತ್ತಿರ ಬಿಡಬೇಡಿ.

ಬಿರುಕಿಗೆ ಬಿಳಿ ಸಿಮೆಂಟಿನ ಹೊರಗೋಡೆ ಪುಟ್ಟಿ ತುಂಬಿ. ಇಡೀ ಗೋಡೆಗೆ ಪುಟ್ಟಿ ಬಳಿದು ನುಣುಪು ಮಾಡುವ ಆಸೆ ಬೇಡ. ಕಾಂಪೌಂಡ್ ಗೋಡೆಗೆ ಎರಡೂ ಕಡೆಯಿಂದ ಮಳೆ ಹೊಡೆಯುತ್ತದೆ, ಪುಟ್ಟಿಯ ಪದರವೇ ಚಿತ್ರದ ಸಮೇತ ಕಳಚುತ್ತದೆ. ತೊಳೆದ ಗೋಡೆಗೆ ಕನಿಷ್ಠ ಮೂರು ದಿನ ಒಣ ಬಿಸಿಲು ಕೊಟ್ಟು, ಮತ್ತೊಮ್ಮೆ ಪ್ಲಾಸ್ಟಿಕ್ ಹಾಳೆ ಪರೀಕ್ಷೆ ಮಾಡಿ, ಆಮೇಲೆ ಪ್ರೈಮರ್. ಪ್ರೈಮರ್ ಒಂದು ರಾತ್ರಿ ಒಣಗಲಿ. ಮೊದಲ ಕೋಟ್ ಬಿಳಿ, ನಾಲ್ಕರಿಂದ ಆರು ಗಂಟೆ ಬಿಟ್ಟು ಎರಡನೆಯದು.

ಒಣಗಿದ ಮೇಲೆ ಒಂದು ಮೂಲೆಯಲ್ಲಿ ಟೇಪಿನ ಪರೀಕ್ಷೆ ಮತ್ತೆ ಮಾಡಿ. ಬಿಳಿ ಕಿತ್ತು ಬಂದರೆ ಹಬ್ಬ ಮುಂದೂಡಿ. ಆ ಹೊತ್ತಿಗೆ ಮುಂದೂಡುವುದು ಕಷ್ಟವೆನಿಸುತ್ತದೆ, ಆದರೆ ಇದೇ ಕೊನೆಯ ಅವಕಾಶ.

7. ಗೆರೆ ಮತ್ತು ಸಂಖ್ಯೆ (ಹಿಂದಿನ ಎರಡು ದಿನ)

ತೂಕದ ಗುಂಡು ಇಳಿಬಿಟ್ಟು ನೇರ ಗೆರೆ, ಸೀಮೆಸುಣ್ಣದ ಪುಡಿ ಹಚ್ಚಿದ ದಾರ ಬಿಗಿಹಿಡಿದು ಚಿಟುಕಿಸಿ ಅಡ್ಡ ಗೆರೆ. ಎರಡೂ ಸೇರುವಲ್ಲಿ ಚುಕ್ಕಿ. ರಸ್ತೆ ಇಳಿಜಾರಿದ್ದರೆ ನೆಲದಿಂದ ಅಳೆಯಬೇಡಿ, ಚಿತ್ರವೂ ಜಾರುತ್ತದೆ.

ಸೀಮೆಸುಣ್ಣದಲ್ಲಿ ಚಿತ್ರ ಮೂಡಿಸಿ, ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿ, ತಿದ್ದಿ, ಆಮೇಲೆ ತಿಳಿ ಬೂದು ಬಣ್ಣದಲ್ಲಿ ಗೆರೆ ಗಟ್ಟಿ ಮಾಡಿ. ಕಪ್ಪು ಗೆರೆ ಈಗಲೇ ಹಾಕಬೇಡಿ. ಬಣ್ಣ ತುಂಬುವಾಗ ಎಲ್ಲರೂ ಗೆರೆ ದಾಟುತ್ತಾರೆ, ದಾಟಲಿ. ಕಪ್ಪು ಗೆರೆ ಕೊನೆಗೆ ಬಂದು ಎಲ್ಲವನ್ನೂ ಸರಿಮಾಡುತ್ತದೆ.

ಪ್ರತಿ ಆಕಾರದೊಳಗೂ ಪೆನ್ಸಿಲಿನಲ್ಲಿ ಬಣ್ಣದ ಸಂಖ್ಯೆ ಬರೆಯಿರಿ, ಜೊತೆಗೆ ಆ ಬಣ್ಣದ್ದೇ ಒಂದು ಬೊಟ್ಟು ಇಡಿ. ಓದು ಬಾರದವರಿಗೆ ಬೊಟ್ಟು, ಬಣ್ಣ ಗುರುತಿಸಲು ಕಷ್ಟವಿರುವವರಿಗೆ ಸಂಖ್ಯೆ. ಗೋಡೆಯನ್ನು ನಾಲ್ಕು ನಾಲ್ಕು ಅಡಿಯ 25 ಭಾಗ ಮಾಡಿ. ಒಂದು ಭಾಗಕ್ಕೆ ಒಂದು ಹೊತ್ತಿಗೆ ಒಬ್ಬರು, ಚಿಕ್ಕ ಮಗುವಾದರೆ ಜೊತೆಗೊಬ್ಬರು. ಗಂಟೆಗೆ 25 ಜನರಂತೆ ಆರು ಗಂಟೆಗೆ 150 ಜನ.

ಕಣ್ಣು ಕಾಣದವರಿಗಾಗಿ ಒಂದು ಭಾಗದಲ್ಲಿ ಗೆರೆಗಳನ್ನು ಗಟ್ಟಿ ಪುಟ್ಟಿಯಿಂದ ಉಬ್ಬಾಗಿ ಎಳೆದು ಒಣಗಿಸಿಡಿ. ಬೆರಳಿಗೆ ಅಂಚು ಸಿಕ್ಕರೆ ಬಣ್ಣ ತುಂಬುವುದು ಸುಲಭ, ಮುಂದೆಯೂ ಅವರು ಆ ಚಿತ್ರವನ್ನು ಮುಟ್ಟಿ ನೋಡಬಹುದು.

8. ಹಬ್ಬದ ದಿನ

ಸಾಮಾನಿನ ಮೇಜು ಒಂದೇ ಇರಲಿ, ಗೋಡೆಯ ಮಧ್ಯಕ್ಕೆ ಎದುರಾಗಿ. ದೊಡ್ಡ ಡಬ್ಬದಿಂದ ಚಿಕ್ಕ ಡಬ್ಬಕ್ಕೆ ಬಣ್ಣ ಬಗ್ಗಿಸುವವರು ಇಬ್ಬರೇ. ಪ್ರತಿ ಡಬ್ಬಕ್ಕೂ ಸಂಖ್ಯೆ, ಕಾಲು ಭಾಗ ಮಾತ್ರ ತುಂಬಿ. ಈ ನಿಯಮ ಸಡಿಲವಾದರೆ ಒಂದು ಗಂಟೆಯಲ್ಲಿ ಎಲ್ಲ ಬಣ್ಣ ಕಲೆತು ಕಂದು ಬಣ್ಣವೊಂದೇ ಉಳಿಯುತ್ತದೆ.

ಐದು ಭಾಗಗಳಿಗೆ ಒಬ್ಬ ಮೇಲ್ವಿಚಾರಕರು. ಅವರು ಬ್ರಶ್ ಹಿಡಿಯಬಾರದು. ಚೆನ್ನಾಗಿ ಬರೆಯಬಲ್ಲವರು ಬ್ರಶ್ ಕಸಿದುಕೊಂಡು "ಹೀಗಲ್ಲ, ಕೊಡಿಲ್ಲಿ" ಎನ್ನುವುದನ್ನು ತಡೆಯುವುದೇ ಅವರ ಮುಖ್ಯ ಕೆಲಸ. ಬಂದವರಿಗೆ ಹೇಳಬೇಕಾದದ್ದು ಮೂರೇ ಮಾತು: ಬ್ರಶ್ ತುದಿ ಮಾತ್ರ ಅದ್ದಿ, ಡಬ್ಬದ ಅಂಚಿಗೆ ಒರೆಸಿ, ಒಂದೇ ದಿಕ್ಕಿಗೆ ಎಳೆಯಿರಿ.

ಗಮನಿಸಬೇಕಾದ ಗುರುತುಗಳು ಹೀಗಿವೆ. ಬಣ್ಣ ಗೋಡೆಯ ಮೇಲೆ ನೀರಿನಂತೆ ಇಳಿಯುತ್ತಿದ್ದರೆ ಯಾರೋ ಹೆಚ್ಚು ನೀರು ಬೆರೆಸಿದ್ದಾರೆ. ಬ್ರಶ್ ಎಳೆದಲ್ಲೇ ತಡೆದು ಸಿಪ್ಪೆ ಏಳುತ್ತಿದ್ದರೆ ಗೋಡೆ ಕಾದಿದೆ. ಆ ಭಾಗ ನಿಲ್ಲಿಸಿ, ನೆರಳು ಬಂದ ಮೇಲೆ ಮುಂದುವರಿಸಿ. ಒಂದೇ ಜಾಗಕ್ಕೆ ಗುಂಪು ಸೇರಿದ್ದರೆ ಉಳಿದೆಡೆ ಬಣ್ಣ ತಲುಪಿಲ್ಲ. ಮೋಡ ಕಟ್ಟಿದರೆ ಹೊಸ ಜಾಗ ತೆರೆಯಬೇಡಿ.

ಏಣಿ ಹತ್ತುವ ಕೆಲಸ ಸಾರ್ವಜನಿಕರಿಗೆ ಕೊಡಲೇಬೇಡಿ. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಯ ಹತ್ತಿರ ಸುಳಿಯದಿರಲಿ. ಸ್ಪ್ರೇ ಡಬ್ಬ ಮಕ್ಕಳ ಕೈಗೆ ಬೇಡ. ಮರಕ್ಕೆ ಬಣ್ಣ ಹಚ್ಚುವುದು, ಮೊಳೆ ಹೊಡೆದು ಶಾಮಿಯಾನ ಕಟ್ಟುವುದು ಬೇಡ. ಕುಡಿಯುವ ನೀರು, ನೆರಳು, ಕೂರಲು ಕುರ್ಚಿ, ಬಳಸಲು ಹತ್ತಿರದ ಎರಡು ಮನೆಯ ಅಥವಾ ಶಾಲೆಯ ಶೌಚಾಲಯ ಬೆಳಗ್ಗೆಯೇ ಸಿದ್ಧವಿರಲಿ. ಶೌಚಾಲಯವಿಲ್ಲವೆಂದೇ ಎಷ್ಟೋ ಹೆಂಗಸರು ಅರ್ಧ ಗಂಟೆಗೆ ಮನೆಗೆ ಹೊರಡುತ್ತಾರೆ.

ರಸ್ತೆಯ ಡಾಂಬರಿನ ಮೇಲೂ ಬರೆಯೋಣ ಎಂಬ ಒತ್ತಾಯ ಬಂದೇ ಬರುತ್ತದೆ. ಎಮಲ್ಷನ್ ಬಳಿದ ರಸ್ತೆ ಮಳೆ ಬಿದ್ದಾಗ ದ್ವಿಚಕ್ರ ವಾಹನಗಳಿಗೆ ಜಾರುತ್ತದೆ. ಬದಲಿಗೆ ಮುಚ್ಚಿದ ಬದಿಯಲ್ಲಿ ರಂಗೋಲಿ ಪುಡಿ, ಸೀಮೆಸುಣ್ಣ ಕೊಡಿ. ಸರದಿಗೆ ಕಾಯುವ ಮಕ್ಕಳಿಗೆ ಅದೇ ಹಬ್ಬ.

ಬ್ರಶ್ ತೊಳೆಯಲು ಸಾಲಾಗಿ ಮೂರು ಬಕೆಟ್: ಮೊದಲನೆಯದು ಕೊಳೆಗೆ, ಎರಡನೆಯದು ಉಜ್ಜಲು, ಮೂರನೆಯದು ಜಾಲಿಸಲು. ಆ ನೀರನ್ನು ಚರಂಡಿಗೋ ರಾಜಕಾಲುವೆಗೋ ಸುರಿಯಬೇಡಿ, ಅದು ನೇರ ಕೆರೆಗೆ ಹೋಗುತ್ತದೆ. ರಾತ್ರಿ ಬಿಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಶೌಚಾಲಯದ ಗುಂಡಿಗೆ ಹಾಕಿ, ತಳದ ಗಸಿಯನ್ನು ಒಣಗಿಸಿ ಕಸದವರಿಗೆ ಬೇರೆಯಾಗಿ ಕೊಡಿ.

9. ಕಪ್ಪು ಗೆರೆ (ಮಾರನೆಯ ದಿನ)

ಐದಾರು ಪಳಗಿದ ಕೈಗಳು ಸಾಕು. ತೆಳುವಾದ ಕಡೆ ಎರಡನೇ ಕೋಟ್, ಆಮೇಲೆ ಕಪ್ಪು ಅಥವಾ ಕಡು ಕಂದು ಗೆರೆ. ಬೋರ್ಡ್ ಬರೆಯುವ ಪೇಂಟರ್ ನಿಮ್ಮ ಊರಿನಲ್ಲಿ ಇನ್ನೂ ಇದ್ದರೆ ಅವರನ್ನು ಕೂಲಿ ಕೊಟ್ಟು ಕರೆಯಿರಿ. ಕೈ ನಡುಗದ ಉದ್ದ ಗೆರೆ ಮತ್ತು ಅಕ್ಷರ ಅವರಷ್ಟು ಚೆನ್ನಾಗಿ ಬೇರೆಯವರಿಗೆ ಬರುವುದಿಲ್ಲ. ಮಕ್ಕಳು ಬರೆದದ್ದನ್ನು ಸರಿಪಡಿಸುವ ನೆಪದಲ್ಲಿ ಅಳಿಸಬೇಡಿ. ವಾರ ಬಿಟ್ಟು ಅವರು ತಮ್ಮ ಎಲೆ, ತಮ್ಮ ಮೀನು ಹುಡುಕಿಕೊಂಡು ಬರುತ್ತಾರೆ.

ಪಾರದರ್ಶಕ ಲೇಪನ ಇಡೀ ಗೋಡೆಗೆ ಬೇಕಿಲ್ಲ. ಕೈ ತಾಗುವ, ಬೆನ್ನು ಒರಗುವ ಕೆಳಗಿನ ಭಾಗಕ್ಕೆ ಮಾತ್ರ, ಅದೂ ಬಣ್ಣ ಒಂದು ವಾರ ಒಣಗಿದ ಮೇಲೆ.

10. ಆಮೇಲೆ

ಉಳಿದ ಬಣ್ಣಗಳನ್ನು ಚಿಕ್ಕ ಡಬ್ಬಗಳಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಸಂಖ್ಯೆ ಮತ್ತು ಶೇಡ್ ಬರೆದು ಒಂದು ಮನೆಯಲ್ಲಿಡಿ. ಯಾರ ಮನೆ ಎಂದು ನಾಲ್ಕು ಜನರಿಗಾದರೂ ಗೊತ್ತಿರಲಿ. ಪೋಸ್ಟರ್ ಅಂಟಿದರೆ ಅದೇ ದಿನ ಒದ್ದೆ ಬಟ್ಟೆಯಿಂದ ನೆನೆಸಿ ತೆಗೆಯಿರಿ. ಒಂದು ಉಳಿದರೆ ವಾರದಲ್ಲಿ ಹತ್ತಾಗುತ್ತವೆ. ಗೋಡೆ ಬುಡದಲ್ಲಿ ಕಸ ಬೀಳುತ್ತಿದ್ದರೆ ಚಿತ್ರ ಅದನ್ನು ತಡೆಯುವುದಿಲ್ಲ; ಕಸದ ಗಾಡಿ ಬರುವ ಹೊತ್ತು ಬೀದಿಗೆ ಹೊಂದುತ್ತಿದೆಯೇ ಎಂದು ವಿಚಾರಿಸಿ.

ಮಳೆಗಾಲ ಮುಗಿದು ಗೋಡೆ ಒಣಗಿದ ಮೇಲೆ, ಡಿಸೆಂಬರ್ ಹೊತ್ತಿಗೆ, ಅದೇ ನಾಣ್ಯ ಹಿಡಿದು ಒಮ್ಮೆ ಗೋಡೆಯುದ್ದಕ್ಕೂ ನಡೆಯಿರಿ. ಬೊಬ್ಬೆ ಎದ್ದ ಕಡೆ ಅಂಚಿನವರೆಗೂ ಕೆರೆದು, ಪ್ರೈಮರ್ ಹಚ್ಚಿ, ಇಟ್ಟ ಬಣ್ಣದಿಂದ ತುಂಬಿ. ಮೂರು ನಾಲ್ಕು ವರ್ಷಕ್ಕೆ ಬಣ್ಣ ಮಂಕಾದಾಗ ಮಾಲೀಕರ ಪತ್ರವನ್ನು ಹೊಸದು ಮಾಡಿಸಿಕೊಂಡು, ಬಿಳಿ ಬಳಿದು, ಆಗ ಬೀದಿಯಲ್ಲಿರುವವರನ್ನು ಮತ್ತೆ ಕೂರಿಸಿ ಹೊಸ ಚಿತ್ರ ಕೇಳಿ.